ಅಡ್ಡಗೆರೆಯ ಮೇಲಿನ ವಯಸ್ಸು

— ನೀವು ಕಳಿಸಿದ ಚಾರ್ಟಿನಲ್ಲಿ ತೂಕದ ಗೆರೆಗಳೇನೋ ಸರಿಯಾಗಿವೆ. ಆದರೆ ಕೆಳಗೆ, ವಯಸ್ಸಿನ ಜಾಗದಲ್ಲಿ, 0, 10, 20, 30 ಅಂತ ಬಂದಿದೆಯಲ್ಲ, ಅದನ್ನು ಯಾರು ಓದಬೇಕು?

— ಅವು ತಿಂಗಳುಗಳು. ಹುಟ್ಟಿನಿಂದ 60 ತಿಂಗಳವರೆಗೆ. ಹತ್ತರ ಹೆಜ್ಜೆಯನ್ನು ಎಕ್ಸೆಲ್ ತಾನೇ ಆರಿಸಿಕೊಂಡಿದೆ.

— ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು. ಇವುಗಳಲ್ಲಿ ಒಂದೂ ಮಗುವಿನ ಹುಟ್ಟುಹಬ್ಬದ ಮೇಲೆ ಬೀಳುವುದಿಲ್ಲ. ನನ್ನ ಮುಂದೆ ಕೂತ ಯಾವ ತಾಯಿಯೂ "ಮೂವತ್ತನಾಲ್ಕು ತಿಂಗಳ ಮಗು" ಎಂದದ್ದಿಲ್ಲ. "ಎರಡು ವರ್ಷ ಹತ್ತು ತಿಂಗಳಾಯ್ತು ಡಾಕ್ಟ್ರೇ" ಅನ್ನುತ್ತಾರೆ. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲೂ ಹಾಗೇ ಇರುತ್ತದೆ. ನಿಮ್ಮ ಚಾರ್ಟ್ ಓದಬೇಕಾದವಳು ಅವಳು. ಪ್ರತಿ ಮಗುವಿಗೂ ಆಕೆ ಹನ್ನೆರಡರ ಮಗ್ಗಿ ಹೇಳಿಕೊಳ್ಳುತ್ತ ಕೂರಬೇಕೇ?

— ಬೇಡ. ಹಾಗಂತ ಅವಳ ಪುಸ್ತಕದಲ್ಲಿರುವಂತೆಯೇ 2.10 ಎಂದು ಬರೆದುಬಿಡೋಣವೇ?

— ಯಾಕೆ ಬಾರದು? ಕಡತಗಳಲ್ಲೆಲ್ಲ ಹಾಗೇ ಬರೆಯುತ್ತಾರೆ.

— ಕಾಗದದ ಮೇಲೆ ಅದು ನಡೆಯುತ್ತದೆ. ಓದುವವರಿಗೆ ಆ ಚುಕ್ಕಿ ವರ್ಷ, ತಿಂಗಳುಗಳ ನಡುವಿನ ಬೇಲಿ ಎಂದು ಗೊತ್ತು. ಸ್ಪ್ರೆಡ್‌ಶೀಟಿಗೆ ಮಾತ್ರ ಅದು ದಶಮಾಂಶ. 2.10 ಎಂದು ಹೊಡೆದು ಎಂಟರ್ ಒತ್ತಿ ನೋಡಿ, 2.1 ಆಗಿಬಿಡುತ್ತದೆ. ಈಗ ಎರಡು ವರ್ಷ ಒಂದು ತಿಂಗಳ ಮಗುವೂ ಎರಡು ವರ್ಷ ಹತ್ತು ತಿಂಗಳ ಮಗುವೂ ಒಂದೇ ಕಡೆ ನಿಂತವು. 2.11 ಇನ್ನೂ ವಿಚಿತ್ರ. ಸಂಖ್ಯೆಯಾಗಿ ಅದು 2.2ಕ್ಕಿಂತ ಚಿಕ್ಕದು. ಹಾಗಾಗಿ ಎರಡು ವರ್ಷ ಹನ್ನೊಂದು ತಿಂಗಳ ಮಗು, ಎರಡು ವರ್ಷ ಎರಡು ತಿಂಗಳ ಮಗುವಿನ ಎಡಗಡೆಗೆ ಹೋಗಿ ಕೂರುತ್ತದೆ. 2.9 ಆದಮೇಲೆ ಗೆರೆ ಹಿಂದಕ್ಕೆ ಓಡಿ, ಮತ್ತೆ 3ಕ್ಕೆ ಹಾರುತ್ತದೆ.

— ತಡೆಯಿರಿ, ಇದನ್ನು ಮಗುವಿನ ಕಡೆಯಿಂದ ಹೇಳುತ್ತೇನೆ. ಎರಡು ವರ್ಷ ಹತ್ತು ತಿಂಗಳ ಒಬ್ಬ ಹುಡುಗ, ತೂಕ 10.5 ಕಿಲೋ ಅಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಆ ವಯಸ್ಸಿಗೆ ಕಡಿಮೆ ತೂಕದ ಗೆರೆ 11 ಕಿಲೋ ಹತ್ತಿರ ಹಾದುಹೋಗುತ್ತದೆ. ಹುಡುಗ ಅದರ ಕೆಳಗಿದ್ದಾನೆ. ಅವನ ಮನೆಗೆ ಯಾರಾದರೂ ಹೋಗಬೇಕು, ಏನು ಉಣ್ಣುತ್ತಾನೆ, ಪದೇ ಪದೇ ಭೇದಿಯಾಗುತ್ತಿದೆಯೇ ಎಂದು ಕೇಳಬೇಕು. ಅವನನ್ನೇ ಎರಡು ವರ್ಷ ಒಂದು ತಿಂಗಳಿನ ಮೇಲೆ ಕೂರಿಸಿದರೆ ಅಲ್ಲಿ ಆ ಗೆರೆ 9.8ರಲ್ಲಿದೆ. ಹುಡುಗ ಚೆನ್ನಾಗಿದ್ದಾನೆ ಎಂದು ಚಾರ್ಟ್ ಹೇಳುತ್ತದೆ. ಯಾರೂ ಹೋಗುವುದಿಲ್ಲ.

— ಅದಕ್ಕೇ ನಾನು ತಿಂಗಳಿಗೇ ಅಂಟಿಕೊಂಡದ್ದು. ಸಂಖ್ಯೆ ಕೊಳಕಾಗಿ ಕಂಡರೂ ಸುಳ್ಳು ಹೇಳುವುದಿಲ್ಲ.

— ಸುಳ್ಳು ಹೇಳದಿದ್ದರೆ ಸಾಕೇ? ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟನ್ನೇ ನೋಡಿ. ಅಡ್ಡಗೆರೆಯ ಕೆಳಗೆ ಎರಡು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಸಣ್ಣ ಅಕ್ಷರದ 2, 4, 6, 8, 10. ಕೆಳಗಿನ ಸಾಲಿನಲ್ಲಿ ಹುಟ್ಟು, 1 ವರ್ಷ, 2 ವರ್ಷ. ಮತ್ತೆ 2, 4, 6, 8, 10. ವರ್ಷ ದಾಟಿದಾಗಲೆಲ್ಲ ತಿಂಗಳು ಹೊಸದಾಗಿ ಶುರುವಾಗುತ್ತದೆ, ಮನೆಯಲ್ಲಿ ಎಣಿಸುವ ಹಾಗೆ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಳೆದು 2006ರಲ್ಲಿ ಹೊರತಂದ ಮಾನದಂಡ ಅದು. ನಮ್ಮ ಮಕ್ಕಳನ್ನು ಅಳೆದದ್ದು ದಿಲ್ಲಿಯಲ್ಲಿ. 2008ರಿಂದ ನಮ್ಮ ಅಂಗನವಾಡಿಗಳೂ ಅದನ್ನೇ ಬಳಸುತ್ತಿವೆ. ಅಷ್ಟು ದೊಡ್ಡ ಕೆಲಸ ಮಾಡಿದವರು ಅಡ್ಡಗೆರೆಯ ಬರಹಕ್ಕೂ ಅಷ್ಟು ಗಮನ ಕೊಟ್ಟಿದ್ದಾರೆ. ನಮಗೆ ಯಾಕಾಗಬಾರದು?

— ಅದನ್ನು ಕೈಯಲ್ಲಿ ಬಿಡಿಸುವುದು ಸುಲಭ. ಎಕ್ಸೆಲ್ ಅಕ್ಷಕ್ಕೆ ಸಂಖ್ಯೆ ಮಾತ್ರ ಗೊತ್ತು. ಹನ್ನೆರಡಕ್ಕೊಮ್ಮೆ ಹೊಸ ಸುತ್ತು ಎಂದು ಹೇಳಿಕೊಡಲು ಅದರ ಫಾರ್ಮ್ಯಾಟ್ ಪಟ್ಟಿಯಲ್ಲಿ ಜಾಗವೇ ಇಲ್ಲ.

— ಗಂಟೆ, ನಿಮಿಷಕ್ಕೆ ಇದೆ. ದಿನಾಂಕಕ್ಕೆ ಇದೆ. ವಯಸ್ಸಿಗೆ ಇಲ್ಲವೇ? ನಮ್ಮಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಂದು ದಾರಿ ಹೇಳಿದ. ತೂಕ ನೋಡಿದ ದಿನಾಂಕದಿಂದ ಹುಟ್ಟಿದ ದಿನಾಂಕ ಕಳೆಯಬೇಕು, ಬಂದ ದಿನಗಳಿಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟು ವರ್ಷ, ತಿಂಗಳು ಮಾತ್ರ ತೋರಿಸಬೇಕು. ಎರಡೇ ಕ್ಲಿಕ್.

— ನೋಡಲು ಚೆಂದ, ಓದಲು ತಪ್ಪು. ಎಕ್ಸೆಲ್ಲಿಗೆ ದಿನಾಂಕ ಎಂದರೆ 1900ರ ಜನವರಿ 1ರಿಂದ ಎಣಿಸಿದ ದಿನಗಳು. ಐದು ವರ್ಷ ಆರು ತಿಂಗಳ ಮಗುವಿಗೆ ಸುಮಾರು 2,009 ದಿನ. ಆ ಸಂಖ್ಯೆಯನ್ನು ದಿನಾಂಕವಾಗಿ ಓದಿದರೆ 1905ರ ಜುಲೈ 1. ಅಂದರೆ ಅಕ್ಷದ ಮೇಲೆ 05-07. ಮಗುವಿಗೆ ತುಂಬಿದ್ದು ಆರು ತಿಂಗಳು, ಬರಹ ತೋರಿಸುವುದು ಏಳು. ಕ್ಯಾಲೆಂಡರಿನಲ್ಲಿ ಸೊನ್ನೆಯ ತಿಂಗಳು ಎಂಬುದಿಲ್ಲ, ಮಗುವಿನ ವಯಸ್ಸು ಮಾತ್ರ ಸೊನ್ನೆಯಿಂದಲೇ ಶುರು. ಇವತ್ತು ಹುಟ್ಟಿದ ಕೂಸಿಗೂ ಎಕ್ಸೆಲ್ 00-01 ಎಂದು ಬರೆಯುತ್ತದೆ. ಅದೇ ಹಾಳೆಯನ್ನು ಲಿಬ್ರೆ ಆಫೀಸಿನಲ್ಲಿ ಮಾಡಿದರೆ ಅದರ ಎಣಿಕೆಯ ಸೊನ್ನೆ 1899ರ ಡಿಸೆಂಬರ್ 30. ಕೂಸಿಗೆ 99-12 ಎಂಬ ವಯಸ್ಸು ಬರುತ್ತದೆ. ಇದರ ಜೊತೆಗೆ ಎಕ್ಸೆಲ್ 1900ನ್ನು ಅಧಿಕ ವರ್ಷ ಎಂದು ನಂಬುತ್ತದೆ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಮಾಡಿದ ಲೆಕ್ಕ ಅದು. ಹಳೆಯ ಹಾಳೆಗಳು ಕೆಡದಿರಲೆಂದು ಹಾಗೇ ಉಳಿಸಿಕೊಂಡರು. ಅರವತ್ತು ದಿನದ ಮಗುವಿನ ವಯಸ್ಸು 1900ರ ಫೆಬ್ರವರಿ 29ರ ಮೇಲೆ ಬೀಳುತ್ತದೆ. ಆ ದಿನ ಬಂದೇ ಇರಲಿಲ್ಲ.

— ಒಂದು ತಿಂಗಳ ತಪ್ಪು ಐದು ವರ್ಷದವನಿಗೆ ಅಷ್ಟೇನೂ ನೋಯಿಸುವುದಿಲ್ಲ. ಎಳೆಗೂಸಿಗೆ ನೋಯಿಸುತ್ತದೆ. ಗಂಡು ಕೂಸುಗಳ ನಡುಗೆರೆ ಹುಟ್ಟಿದಾಗ 3.3 ಕಿಲೋ, ತಿಂಗಳಿಗೆ 4.5, ಎರಡು ತಿಂಗಳಿಗೆ 5.6. ಮೂವತ್ತು ದಿನದಲ್ಲಿ ಒಂದು ಕಿಲೋಗೂ ಮೇಲೆ! ಅಲ್ಲಿಂದ ಓಟ ನಿಧಾನವಾಗುತ್ತದೆ. ಆರು ತಿಂಗಳಿಗೆ 7.9, ವರ್ಷಕ್ಕೆ 9.6, ಎರಡು ವರ್ಷಕ್ಕೆ 12.2, ಐದಕ್ಕೆ 18.3. ಒಂದು ತಿಂಗಳು ತುಂಬಿದ 4 ಕಿಲೋ ಕೂಸನ್ನು ತೆಗೆದುಕೊಳ್ಳಿ. ಆ ವಯಸ್ಸಿಗೆ ಕಡಿಮೆ ತೂಕದ ಗೆರೆ 3.4, ಕೂಸು ಆರಾಮಾಗಿದೆ. ಯಾರೋ ನಿಮ್ಮ ಪರದೆಯ ಮೇಲೆ "2 ತಿಂಗಳು" ಎಂದು ಓದಿ ತಾಯಿ ಕಾರ್ಡಿಗೆ ಇಳಿಸಿದರೆ ಅಲ್ಲಿ ಗೆರೆ 4.3. ಚೆನ್ನಾಗಿ ಎದೆಹಾಲು ಕುಡಿಯುತ್ತಿರುವ ಕೂಸಿನ ತಾಯಿಗೆ "ನಿನ್ನ ಹಾಲು ಸಾಲುತ್ತಿಲ್ಲ" ಎಂದು ಹೇಳಿದಂತಾಯಿತು. ಆ ಮಾತು ಕೇಳಿದ ಮರುದಿನವೇ ಮನೆಗೆ ಹಾಲಿನ ಪುಡಿಯ ಡಬ್ಬ ಬರುತ್ತದೆ. ನಾನು ಇದನ್ನು ಸುಮ್ಮನೆ ಹೇಳುತ್ತಿಲ್ಲ.

— ಅದಕ್ಕೇ ಎಲ್ಲ ವಯಸ್ಸಿಗೂ ಒಂದೇ ಬಗೆಯ ಬರಹ ಬೇಡ ಅನ್ನಿಸುತ್ತದೆ. ಲಸಿಕೆಯ ವೇಳಾಪಟ್ಟಿಯಲ್ಲಿ ಇದು ತಾನಾಗಿ ಬಂದಿದೆ, ಗಮನಿಸಿದ್ದೀರಾ? ಹುಟ್ಟಿದಾಗ, 6 ವಾರ, 10 ವಾರ, 14 ವಾರ. ಆಮೇಲೆ 9 ತಿಂಗಳು, 16ರಿಂದ 24 ತಿಂಗಳು. ಆಮೇಲೆ 5–6 ವರ್ಷ, 10 ವರ್ಷ, 16 ವರ್ಷ. ಬೆಳವಣಿಗೆ ನಿಧಾನವಾದಷ್ಟೂ ಅಳತೆಗೋಲು ದೊಡ್ಡದಾಗುತ್ತ ಹೋಗುತ್ತದೆ.

— ಅದೇ ಭೇಟಿಗಳಲ್ಲೇ ನಾವು ತೂಕ ನೋಡುವುದು. ಆದ್ದರಿಂದ ನಮ್ಮ ಅಳತೆಗಳ ನಡುವೆ ಸಮ ಅಂತರ ಇರುವುದೇ ಇಲ್ಲ.

— ಒಳ್ಳೆಯದೇ ಹೇಳಿದಿರಿ. ಲೈನ್ ಚಾರ್ಟ್ ತೆಗೆದುಕೊಂಡವರು ಅಲ್ಲೇ ಎಡವುತ್ತಾರೆ. ಅದು ಅಡ್ಡಗೆರೆಯ ಬರಹಗಳನ್ನು ಹೆಸರುಗಳೆಂದು ತಿಳಿದು ಸಮ ದೂರದಲ್ಲಿ ಜೋಡಿಸುತ್ತದೆ. 10 ವಾರಕ್ಕೂ 14 ವಾರಕ್ಕೂ ನಡುವೆ ಎಷ್ಟು ಜಾಗವೋ, 9 ತಿಂಗಳಿಗೂ 16 ತಿಂಗಳಿಗೂ ನಡುವೆ ಅಷ್ಟೇ ಜಾಗ. ಬೆಳವಣಿಗೆಯ ಓಟ ಎಲ್ಲಿ ತಗ್ಗಿತು ಎಂಬುದೇ ಕಾಣದಂತಾಗುತ್ತದೆ. ವಯಸ್ಸಿನ ಚಾರ್ಟಿಗೆ ಸ್ಕ್ಯಾಟರ್ ಚಾರ್ಟೇ ಬೇಕು. ಅದಕ್ಕೆ ಸಂಖ್ಯೆ ಕೊಡಬೇಕು, ಪದ ಕೊಡಬಾರದು. ಕೊಟ್ಟರೆ ಅದು ಬಾಯಿಬಿಡದೆ 1, 2, 3 ಎಂದು ತಾನೇ ಎಣಿಸಿಕೊಂಡು ಚುಕ್ಕಿ ಇಡುತ್ತದೆ.

— ಮಕ್ಕಳ ಮಾತಿನ ಬೆಳವಣಿಗೆ ಓದುವವರು 2;10 ಎಂದು ಬರೆಯುತ್ತಾರಲ್ಲ, ಅರ್ಧವಿರಾಮ ಹಾಕಿ. ಜರ್ಮನಿಯ ಕ್ಲಾರಾ ಮತ್ತು ವಿಲಿಯಂ ಸ್ಟರ್ನ್ ದಂಪತಿ ತಮ್ಮ ಮಕ್ಕಳ ಮಾತನ್ನು ದಾಖಲಿಸುತ್ತ ಬಳಸಿದ ಕ್ರಮವಂತೆ. ಅದನ್ನು ಬಳಸಬಹುದೇ?

— ಬರಹಕ್ಕೆ ಬಹಳ ಒಳ್ಳೆಯದು. ದಶಮಾಂಶ ಎಂದು ಯಾರೂ ತಿಳಿಯುವುದಿಲ್ಲ. ಸ್ಪ್ರೆಡ್‌ಶೀಟಿಗೆ ಅದು ಬರೀ ಪಠ್ಯ, ಲೆಕ್ಕಕ್ಕೆ ಬರುವುದಿಲ್ಲ. ಆದರೂ ಗೀಟು ಹಾಕಿ 2-10 ಎಂದು ಬರೆಯುವುದಕ್ಕಿಂತ ಅದು ಮೇಲು. ಗೀಟು ಹಾಕಿದರೆ ಎಕ್ಸೆಲ್ ಅದನ್ನು ಅಕ್ಟೋಬರ್ 2 ಎಂದು ಬದಲಿಸಿಬಿಡುತ್ತದೆ. 2:10 ಎಂದರೆ ಎರಡು ಗಂಟೆ ಹತ್ತು ನಿಮಿಷ. ಈ ಚಾಳಿಗೆ ಬೇಸತ್ತು 2020ರಲ್ಲಿ ಮನುಷ್ಯರ ಜೀನುಗಳ ಹೆಸರುಗಳನ್ನೇ ಬದಲಿಸಿದರು. ಮಾರ್ಚ್1, ಸೆಪ್ಟ್1 ಎಂಬ ಹೆಸರುಗಳೆಲ್ಲ ದಿನಾಂಕವಾಗಿ ಹೋಗುತ್ತಿದ್ದವು.

ಇನ್ನೊಂದು ಉಪಾಯ ಇದೆ. ನಾನು ಹೆಚ್ಚು ಹೆದರುವುದು ಅದಕ್ಕೇ, ಯಾಕೆಂದರೆ ಅದು ನೋಡಲು ಪೂರ್ತಿ ಸರಿ. ವರ್ಷವನ್ನು ನೂರರಿಂದ ಗುಣಿಸಿ ತಿಂಗಳು ಕೂಡಿಸುವುದು. ಎರಡು ವರ್ಷ ಹತ್ತು ತಿಂಗಳು ಎಂದರೆ 210. ಕೊನೆಯ ಎರಡು ಅಂಕಿಗಳ ಮುಂದೆ ಗೆರೆ ಬರುವ ಫಾರ್ಮ್ಯಾಟ್ ಕೊಟ್ಟರೆ ತೆರೆಯ ಮೇಲೆ 2-10. ಸೊನ್ನೆ ಕಳೆಯುವುದಿಲ್ಲ, ಹನ್ನೊಂದು ಹಿಂದಕ್ಕೆ ಓಡುವುದಿಲ್ಲ.

— ಮತ್ತೆ ತೊಂದರೆ ಏನು?

— ಎರಡು ವರ್ಷ ಹನ್ನೊಂದು ತಿಂಗಳು ಎಂದರೆ 211. ಮರು ತಿಂಗಳು ಮೂರು ವರ್ಷ, ಅಂದರೆ 300. ಒಂದು ತಿಂಗಳಿಗೆ 89 ಹೆಜ್ಜೆ! ಉಳಿದ ತಿಂಗಳುಗಳಿಗೆಲ್ಲ ಒಂದೊಂದೇ ಹೆಜ್ಜೆ. ಚಾರ್ಟಿನಲ್ಲಿ ಪ್ರತಿ ವರ್ಷದ ಮಕ್ಕಳೂ ಎಡಗೋಡೆಗೆ ಒತ್ತರಿಸಿ ನಿಂತು, ವರ್ಷದ ಉಳಿದ ಜಾಗವೆಲ್ಲ ಖಾಲಿ. ಗೆರೆಗಳು ಮೆಟ್ಟಿಲಾಗುತ್ತವೆ. ಬರಹ ಓದಿದರೆ ಎಲ್ಲ ಸರಿ, ಮಗು ನಿಂತ ಜಾಗ ಮಾತ್ರ ತಪ್ಪು. ಅದನ್ನು ನೋಡಿದಮೇಲೆ ನನಗೆ ಒಂದು ಮಾತು ಖಚಿತವಾಯಿತು. ವರ್ಷ–ತಿಂಗಳು ಬಾಯಿಮಾತಿನ ವಯಸ್ಸು, ಅದನ್ನು ಅಕ್ಷದ ಸಂಖ್ಯೆಯಾಗಿ ಮಾಡಲೇಬಾರದು. ಅಡಿಯಲ್ಲಿ ಓಡಬೇಕಾದದ್ದು ಒಂದೇ ಸಮನೆಯ ಎಣಿಕೆ, ದಿನವಾಗಲಿ ತಿಂಗಳಾಗಲಿ. ಬಾಯಿಮಾತಿನ ವಯಸ್ಸು ಅದರ ಮೇಲೆ ಅಂಟಿಸಿದ ಬರಹವಾಗಿ ಬರಲಿ.

— ಬರಲಿ. ಹೇಗೆ ಅಂಟಿಸುತ್ತೀರಿ?

— ಅಕ್ಷದಲ್ಲಿ ತಿಂಗಳುಗಳೇ ಇರಲಿ, 0ಯಿಂದ 60. ದೊಡ್ಡ ಗೀಟು ಹನ್ನೆರಡಕ್ಕೊಂದು, ಸಣ್ಣ ಗೀಟು ಒಂದಕ್ಕೊಂದು. ಇಷ್ಟರಲ್ಲೇ ಅರ್ಧ ಕೆಲಸ ಆಯಿತು. ಹುಟ್ಟುಹಬ್ಬಗಳು ದಪ್ಪ ಗೆರೆಯ ಮೇಲೆ ಬಂದವು. ಆಮೇಲೆ ಅಕ್ಷದ ಸ್ವಂತ ಬರಹ ಅಳಿಸಿಬಿಡುವುದು. ಪಕ್ಕದಲ್ಲಿ ಒಂದು ಚಿಕ್ಕ ಪಟ್ಟಿ ಮಾಡಿ ಎಕ್ಸ್ ಕಡೆ 0, 2, 4, 6 ಹೀಗೆ ತಿಂಗಳು, ವೈ ಕಡೆ ಎಲ್ಲಕ್ಕೂ ಸೊನ್ನೆ. ಅದನ್ನೂ ಚಾರ್ಟಿಗೆ ಸೇರಿಸಿದರೆ ಚುಕ್ಕಿಗಳು ಅಡ್ಡಗೆರೆಯ ಮೇಲೇ ಸಾಲಾಗಿ ಕೂರುತ್ತವೆ. ಚುಕ್ಕಿಗಳನ್ನು ಕಾಣದಂತೆ ಮಾಡಿ, ಅವುಗಳ ಬರಹವನ್ನು ಸೆಲ್‌ಗಳಿಂದ ತೆಗೆದುಕೊ ಎಂದು ಹೇಳಬೇಕು. ಎಕ್ಸೆಲ್ 2013ರಿಂದ ಆ ಸೌಕರ್ಯ ಇದೆ. ಆ ಸೆಲ್‌ಗಳಲ್ಲಿ ನಾವು ಏನು ಬರೆದರೂ ಸರಿ. "ಹುಟ್ಟು", "2", "4", "1 ವರ್ಷ". ಕನ್ನಡದಲ್ಲೇ.

— ಸೆಲ್‌ಗಳನ್ನು ಕೈಯಲ್ಲಿ ತುಂಬಬೇಕೇ?

— ಇಂಟ್ ಫಾರ್ಮುಲಾ ಹನ್ನೆರಡರಿಂದ ಭಾಗಿಸಿ ವರ್ಷ ಕೊಡುತ್ತದೆ, ಮಾಡ್ ಫಾರ್ಮುಲಾ ಉಳಿದ ತಿಂಗಳು ಕೊಡುತ್ತದೆ. ಒಂದೇ ಎಚ್ಚರಿಕೆ. ವಯಸ್ಸು ದಶಮಾಂಶ ವರ್ಷದಲ್ಲಿದ್ದರೆ ಮೊದಲು ಪೂರ್ಣ ತಿಂಗಳಿಗೆ ತಂದು ಆಮೇಲೆ ಒಡೆಯಬೇಕು. ಮೊದಲು ಒಡೆದು ಆಮೇಲೆ ತಿಂಗಳನ್ನು ದುಂಡಗೆ ಮಾಡಿದರೆ 5.97 ವರ್ಷದ ಮಗು "5 ವರ್ಷ 12 ತಿಂಗಳು" ಆಗುತ್ತದೆ. ಇಂಥ ವಯಸ್ಸುಗಳನ್ನು ಮುದ್ರಿತ ವರದಿಗಳಲ್ಲೂ ಕಂಡಿದ್ದೇನೆ.

— ಇಷ್ಟು ಸರ್ಕಸ್ ಬೇಡದವರಿಗೆ?

— ತಿಂಗಳನ್ನು ಹನ್ನೆರಡರಿಂದ ಭಾಗಿಸಿ ಅಕ್ಷಕ್ಕೆ # ??/12 ಎಂಬ ಫಾರ್ಮ್ಯಾಟ್ ಕೊಡಬಹುದು. 2 10/12 ಎಂದು ಬರುತ್ತದೆ. ಛೇದ ಹನ್ನೆರಡಕ್ಕೇ ನಿಲ್ಲುತ್ತದೆ, ಆರು ತಿಂಗಳನ್ನು ಅರ್ಧ ಎಂದು ಸಂಕ್ಷೇಪಿಸುವುದಿಲ್ಲ. ಜಾಗವೂ ಸರಿ, ಬರಹವೂ ಸರಿ. ನಮ್ಮೊಳಗಿನ ಪರಿಶೀಲನೆಗೆ ಧಾರಾಳ ಸಾಕು. ಅಂಗನವಾಡಿ ಗೋಡೆಗೆ ಬೇಡ.

— ಗೋಡೆಗೆ ಬೇಡವೇ ಬೇಡ. ಸರಿ, ಹುಟ್ಟಿದ ದಿನದಿಂದ ತಿಂಗಳು ಲೆಕ್ಕ ಹಾಕುವುದು ಹೇಗೆ? ಜನವರಿ 31ಕ್ಕೆ ಹುಟ್ಟಿದ ಕೂಸಿಗೆ ಫೆಬ್ರವರಿಯಲ್ಲಿ ತಿಂಗಳು ಯಾವಾಗ ತುಂಬುತ್ತದೆ?

— ಡೇಟ್‌ಡಿಫ್ ಎಂಬ ಫಾರ್ಮುಲಾ ಇದೆ. ಅದೂ ಲೋಟಸ್ ಕಾಲದ್ದೇ. ಟೈಪ್ ಮಾಡುವಾಗ ಎಕ್ಸೆಲ್ ಅದನ್ನು ಸೂಚಿಸುವುದೂ ಇಲ್ಲ, ಗೊತ್ತಿದ್ದವರು ಪೂರ್ತಿ ಬರೆಯಬೇಕು. ತುಂಬಿದ ತಿಂಗಳುಗಳನ್ನು ಅದು ಸರಿಯಾಗಿ ಕೊಡುತ್ತದೆ. ಮಿಕ್ಕ ದಿನಗಳನ್ನು ಕೇಳಿದರೆ ಮಾತ್ರ ಕೆಲವೊಮ್ಮೆ ಋಣ ಸಂಖ್ಯೆ ಬರಬಹುದು, ಮೈಕ್ರೋಸಾಫ್ಟೇ ಹಾಗೆ ಎಚ್ಚರಿಸುತ್ತದೆ. ನನಗೆ ಇಷ್ಟವಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ದಾರಿ. ದಿನಗಳನ್ನು 30.4375ರಿಂದ ಭಾಗಿಸು. 365.25ರ ಹನ್ನೆರಡನೇ ಒಂದು ಪಾಲು ಅದು. ಫೆಬ್ರವರಿಯ ಜಗಳವೇ ಇಲ್ಲ.

— ಹಾಗೆ ಮಾಡಿದರೆ ಚುಕ್ಕಿ ಎರಡು ತಿಂಗಳ ಗೆರೆಗೂ ಮೂರರ ಗೆರೆಗೂ ನಡುವೆ ಬೀಳುತ್ತದೆ. ಕಾರ್ಡಿನ ಮೇಲೆ ನಾವು ತುಂಬಿದ ತಿಂಗಳ ಗೆರೆಯ ಮೇಲೇ ಚುಕ್ಕಿ ಇಡಿ, ನಡುವೆ ಇಡಬೇಡಿ ಎಂದು ಕಲಿಸುತ್ತೇವೆ.

— ಕೈಯಲ್ಲಿ ಇಡುವವರಿಗೆ ಅದು ಸರಿ. ಪರದೆಯ ಮೇಲೆ ದಿನ ಗೊತ್ತಿದ್ದೂ ಅದನ್ನು ಎಸೆಯುವುದು ನನಗೆ ಒಪ್ಪಿಗೆಯಿಲ್ಲ. ಫ್ರಾನ್ಸಿನ ಮಾಂಬೆಯಾರ್ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಅಳೆದಿಟ್ಟ. ಸ್ನೇಹಿತ ಬುಫಾನ್ ಅದನ್ನು ತನ್ನ ನಿಸರ್ಗ ಚರಿತ್ರೆಯ ಪುರವಣಿಯಲ್ಲಿ ಅಚ್ಚು ಹಾಕಿಸಿದ. 1927ರಲ್ಲಿ ಸ್ಕ್ಯಾಮನ್ ಎಂಬ ವಿಜ್ಞಾನಿ ಆ ಅಂಕಿಗಳನ್ನು ಸೆಂಟಿಮೀಟರಿಗೆ ತಂದು ಚಾರ್ಟ್ ಬಿಡಿಸಿದ. ಅಳತೆಯ ಹೊತ್ತಿನ ವಯಸ್ಸನ್ನು ತಂದೆ ಜೋಪಾನವಾಗಿ ಬರೆದಿಟ್ಟದ್ದಕ್ಕೇ, ನೂರೈವತ್ತು ವರ್ಷದ ಮೇಲೂ ಹುಡುಗನ ಬೆಳವಣಿಗೆ ಬಾಲ್ಯದಲ್ಲಿ ಹೇಗೆ ನಿಧಾನವಾಯಿತು, ಹದಿವಯಸ್ಸಿನಲ್ಲಿ ಹೇಗೆ ಚಿಮ್ಮಿತು ಎಂದು ಕಾಣಿಸಿತು. "ಐದು ವರ್ಷ", "ಆರು ವರ್ಷ" ಎಂದಷ್ಟೇ ಬರೆದಿದ್ದರೆ ಆ ಚಿಮ್ಮು ಮಸುಕಾಗುತ್ತಿತ್ತು.

— ಒಪ್ಪಿದೆ. ಚುಕ್ಕಿ ದಿನದ ಲೆಕ್ಕದಲ್ಲಿ ಇರಲಿ, ಪಕ್ಕದ ಬರಹದಲ್ಲಿ ತುಂಬಿದ ವಯಸ್ಸು ಇರಲಿ. ಶಾಲೆಯ ಕಡೆಗೂ ಈ ಪದ್ಧತಿ ಹೋಗಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದಿದ್ದು, 2025–26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದರಲ್ಲ. ಅದನ್ನು ಹಾಳೆಯಲ್ಲಿ 5.5 ಎಂದು ಹಾಕಿ ಪಟ್ಟಿ ಸೋಸಿದರೆ?

— 5.5 ಎಂದರೆ ಐದೂವರೆ, ಅಂದರೆ ಐದು ವರ್ಷ ಆರು ತಿಂಗಳು. ಐದು ತಿಂಗಳು ತುಂಬಿ ಆರು ತುಂಬದ ಮಕ್ಕಳೆಲ್ಲ ಹೊರಗುಳಿದರು. ಸರಿಯಾದ ಗಡಿ 65 ತಿಂಗಳು.

— ಅವರ ತಂದೆತಾಯಿಗೆ "ಕಂಪ್ಯೂಟರಿನಲ್ಲಿ ಹೆಸರು ಬರುತ್ತಿಲ್ಲ" ಎನ್ನುತ್ತಾರೆ, ಅಷ್ಟೇ. ಇನ್ನೊಂದು ವಿಷಯ, ಇದು ನನಗೆ ದಿನವೂ ಎದುರಾಗುವುದು. 32 ವಾರಕ್ಕೇ ಹುಟ್ಟಿದ ಕೂಸುಗಳು. ಎರಡು ವರ್ಷದವರೆಗೆ ಅವುಗಳ ವಯಸ್ಸಿನಿಂದ ಮುಂಚೆ ಬಂದ ಎಂಟು ವಾರ ಕಳೆದು ನೋಡುತ್ತೇವೆ. ಆರು ತಿಂಗಳ ಅಂಥ ಕೂಸನ್ನು ಆರರ ಗೆರೆಯಲ್ಲಿ ಇಟ್ಟರೆ ತಾಯಿ ಸುಮ್ಮನೆ ಅಳುತ್ತಾಳೆ. ನಿಮ್ಮ ಅಡ್ಡಗೆರೆಯಲ್ಲಿ ಯಾವ ವಯಸ್ಸು?

— ಎಂಟು ವಾರ ಎಂದರೆ 56 ದಿನ, 1.84 ತಿಂಗಳು. ಚುಕ್ಕಿ 4.16ರ ಹತ್ತಿರ ಬೀಳುತ್ತದೆ. ಇದಕ್ಕೂ ದಿನದ ಲೆಕ್ಕವೇ ಬೇಕು ನೋಡಿ. ಹುಟ್ಟಿನ ವಯಸ್ಸಿನಲ್ಲಿ ಒಂದು ಟೊಳ್ಳು ಚುಕ್ಕಿ, ತಿದ್ದಿದ ವಯಸ್ಸಿನಲ್ಲಿ ತುಂಬಿದ ಚುಕ್ಕಿ, ಎರಡನ್ನೂ ಸೇರಿಸುವ ಅಡ್ಡಗೆರೆ. ಓದುವುದು ತುಂಬಿದ ಚುಕ್ಕಿಯನ್ನು. 24 ತಿಂಗಳಾದಮೇಲೆ ಒಂದೇ ಚುಕ್ಕಿ.

— ಎತ್ತರದ ಚಾರ್ಟಿನಲ್ಲಿ ಅದೇ 24ರಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿಯವರೆಗೆ ಮಲಗಿಸಿ ಅಳೆಯುತ್ತೇವೆ, ಆಮೇಲೆ ನಿಲ್ಲಿಸಿ. ನಿಂತಾಗ 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ, ಮಾನದಂಡದ ಗೆರೆಯೇ ಅಲ್ಲಿ ಸ್ವಲ್ಪ ಇಳಿಯುತ್ತದೆ. ಆ ಜಾಗದಲ್ಲಿ "2 ವರ್ಷ" ಎಂಬ ಬರಹದ ಕೆಳಗೆ "ಇಲ್ಲಿಂದ ನಿಲ್ಲಿಸಿ ಅಳೆಯಿರಿ" ಎಂದು ಸೇರಿಸಲು ಆಗುತ್ತದೆಯೇ?

— ಆಗುತ್ತದೆ. ಆ ಸೆಲ್ಲಿನಲ್ಲಿ ಬರೆದರೆ ಸಾಕು.

— ಹಾಗಾದರೆ ಮೊದಲು ತೂಕದ ಚಾರ್ಟ್ ಮಾಡಿ. ಗಂಡು ಮಕ್ಕಳಿಗೊಂದು, ಹೆಣ್ಣು ಮಕ್ಕಳಿಗೊಂದು. ಅಚ್ಚಿಗೆ ಕೊಡುವ ಮುಂಚೆ ಇಬ್ಬರು ಕಾರ್ಯಕರ್ತೆಯರ ಕೈಗೆ ಕೊಟ್ಟು, ಒಂದು ವರ್ಷ ಹನ್ನೊಂದು ತಿಂಗಳು ಎಲ್ಲಿದೆ ತೋರಿಸಿ ಎಂದು ಕೇಳೋಣ.